ಹೌಪಿಯಾ ಮಾಡಬಲ್ಲೆನೆಂದು ಹೇಳಿಬಿಟ್ಟವನ ದೂರು

ನಮ್ಮ ಸಂಸ್ಥೆಯ ಸಿಬ್ಬಂದಿ ಸಂತೋಷ ವಿಭಾಗದ ಮುಖ್ಯಸ್ಥೆಯಾದ ಪದ್ಮಜಾ ಮೇಡಂ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಊರಿನಿಂದ ದೂರದ ಈ ದ್ವೀಪದೇಶದ ಟ್ಯಾಂಪಿನೀಸ್ ಬಡಾವಣೆಯಲ್ಲಿ, ಒಂಬತ್ತನೇ ಮಹಡಿಯ ಪುಟ್ಟ ಅಡುಗೆಮನೆಯಿಂದ, ಸೌಟು ತಿರುಗಿಸಿ ತಿರುಗಿಸಿ ಇನ್ನೂ ಮೇಲೇಳಲೊಲ್ಲದ ಬಲಗೈಯಿಂದಲೇ ಬರೆಯುತ್ತಿರುವ ಈ ಪತ್ರ ತಮ್ಮನ್ನು ಕ್ಷೇಮವಾಗಿಯೂ ನಗುಮುಖದಿಂದಲೂ ಕಾಣಲೆಂದು ಹಾರೈಸುತ್ತೇನೆ. ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿರುವ ನಮ್ಮ ಆಫೀಸಿನ ಪ್ಯಾಂಟ್ರಿಯ ಫಲಕದ ಮೇಲೆ ಇದನ್ನು ಅಂಟಿಸುತ್ತಿರುವುದರಿಂದ ಇದು ಬಹಿರಂಗ ಪತ್ರವೇ ಸರಿ. ಆದರೆ ಆ ಮಹಡಿಯಲ್ಲಿ ಕನ್ನಡ ಓದಬಲ್ಲವರು ಮೈಸೂರಿನವರಾದ ತಾವು ಮತ್ತು ಬೆಂಗಳೂರಿನವನಾದ ನಾನು ಇಬ್ಬರೇ ಇರುವುದರಿಂದ, ತಮ್ಮ ಘನತೆಗೆ ಕುಂದು ಬಾರದಷ್ಟು ಮಾತ್ರ ಇದು ಬಹಿರಂಗವಾಗಲಿದೆ.

ಕಳೆದ ಜನವರಿಯಲ್ಲಿ ತಾವು ನಡೆಸಿಕೊಟ್ಟ ‘ಒಬ್ಬರನ್ನೊಬ್ಬರು ಅರಿಯೋಣ’ ಕಾರ್ಯಕ್ರಮವನ್ನು ನಾನು ಮರೆಯಲಾರೆ. ಅಂದು ತಾವು ಮೇಜುಗಳನ್ನೆಲ್ಲ ಹೊರಗೆ ಹಾಕಿಸಿ, ಕುರ್ಚಿಗಳನ್ನು ದುಂಡಗೆ ಜೋಡಿಸಿ, ಅವಿತುಕೊಳ್ಳಲು ಯಾರಿಗೂ ಎಡೆ ಇಲ್ಲದಂತೆ ಮಾಡಿ, ಪ್ರತಿಯೊಬ್ಬರೂ ತಮ್ಮ ಕುರಿತು ಯಾರಿಗೂ ತಿಳಿಯದ ಒಂದು ಸ್ವಾರಸ್ಯಕರ ಸಂಗತಿಯನ್ನು ಹೇಳತಕ್ಕದ್ದೆಂದು ಅಪ್ಪಣೆ ಕೊಡಿಸಿದಿರಿ. ನನ್ನ ಬಲಕ್ಕೆ ಕುಳಿತಿದ್ದ ಕುಶಾಲ್, ಮುಂಬೈಯಲ್ಲಿ ಬೆಳೆದು ಕನ್ನಡ ಮಾತಾಡಲು ಮಾತ್ರ ಕಲಿತ ನಮ್ಮ ತಂಡದ ಹುಡುಗ, ತಾನು ಎವರೆಸ್ಟ್‌ನ ಬೇಸ್ ಕ್ಯಾಂಪಿನವರೆಗೆ ನಡೆದುಹೋದವನೆಂದ. ಅವನ ಪಕ್ಕದ ವೈ ಲಿಂಗ್ ವಾರಕ್ಕೊಂದು ಕಾದಂಬರಿ ಓದಿ ಮುಗಿಸುವೆನೆಂದರು. ಆಮೇಲೆ ಹದಿನಾಲ್ಕು ಜೊತೆ ಕಣ್ಣುಗಳು ನನ್ನತ್ತ ತಿರುಗಿದವು.

ಮಾನ್ಯರೇ, ನಾನು ಹನ್ನೊಂದು ವರ್ಷಗಳಿಂದ ಬ್ಯಾಂಕುಗಳ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತ, ಬೆಳಿಗ್ಗೆ ಎಂಟೂ ಹತ್ತರ ರೈಲಿನಲ್ಲಿ ಎಕ್ಸ್‌ಪೋ ನಿಲ್ದಾಣಕ್ಕೆ ಬಂದು, ಸಂಜೆ ಅದೇ ದಾರಿಯಲ್ಲಿ ವಾಪಸು ಹೋಗುವ ಮನುಷ್ಯ. ನನ್ನಲ್ಲಿ ಸ್ವಾರಸ್ಯವನ್ನು ಹುಡುಕಿದಾಗ ನನಗೇ ಏನೂ ಸಿಗಲಿಲ್ಲ. ಗೋಡೆಯ ಮೇಲೆ, ತಾವೇ ದಯಪಾಲಿಸಿದ್ದ ಪರದೆಯಲ್ಲಿ, ‘ಅಲೋಹಾ ಶುಕ್ರವಾರ’ ಎಂಬ ಹವಾಯಿ ಧಾಟಿಯ ಅಕ್ಷರಗಳೂ ಸಮುದ್ರಕ್ಕೆ ಬಾಗಿದ ಎರಡು ತೆಂಗಿನಮರಗಳೂ ಕಾಣುತ್ತಿದ್ದವು. ನನ್ನ ಬಾಯಿ ನನ್ನನ್ನು ಕೇಳದೆಯೇ, ನಾನು ಮನೆಯಲ್ಲಿ ಹವಾಯಿ ದ್ವೀಪದ ಸಾಂಪ್ರದಾಯಿಕ ತೆಂಗಿನ ಸಿಹಿತಿಂಡಿ ಮಾಡುತ್ತೇನೆಂದು ಹೇಳಿಬಿಟ್ಟಿತು. ಅಂಥ ತಿಂಡಿಯೊಂದು ಇದೆಯೋ ಇಲ್ಲವೋ ಎಂಬುದೂ ನನಗೆ ತಿಳಿದಿರಲಿಲ್ಲ. ತೆಂಗು ಇದ್ದಮೇಲೆ ಸಿಹಿ ಇರಲೇಬೇಕೆಂಬ ನಮ್ಮ ಊರಿನ ನಂಬಿಕೆಯೊಂದೇ ನನ್ನ ಆಧಾರ.

ಎಲ್ಲರೂ ಚಪ್ಪಾಳೆ ತಟ್ಟಿದರು. ತಾವಂತೂ ಅದನ್ನು ನನ್ನ ಭಾವಚಿತ್ರದ ಕೆಳಗೆ ಆಫೀಸಿನ ಜಾಲಪುಟದಲ್ಲಿ ಬರೆಸಿದಿರಿ. ಸುಳ್ಳು ಹೇಳಬಾರದು, ಅಂದರೆ ಇನ್ನೊಂದು ಸುಳ್ಳು ಹೇಳಬಾರದು: ನನಗೆ ಅದು ಹಿತವಾಯಿತು. ಹನ್ನೊಂದು ವರ್ಷ ನನ್ನನ್ನು ‘ಟೆಸ್ಟಿಂಗ್‌ನವರು’ ಎಂದಷ್ಟೇ ಅರಿತಿದ್ದ ಜನ ಪ್ಯಾಂಟ್ರಿಯಲ್ಲಿ ನಿಲ್ಲಿಸಿ ಮಾತಾಡಿಸತೊಡಗಿದರು. ಮೂರನೇ ಮಹಡಿಯವರೊಬ್ಬರು ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದರು. ಮೂರು ತಿಂಗಳ ಮಟ್ಟಿಗೆ ನಾನು ಸ್ವಾರಸ್ಯಕರ ಮನುಷ್ಯನಾಗಿದ್ದೆ.

ಈ ಸೋಮವಾರ ನಮ್ಮ ವಿಭಾಗಕ್ಕೆ ಹೊಸ ಮುಖ್ಯಸ್ಥೆಯಾಗಿ ಮಲಿಯಾ ಅವರು ಬಂದರು. ಅವರನ್ನು ಭೂಮಂಡಲದ ಇಷ್ಟೊಂದು ಊರುಗಳ ಪೈಕಿ ಹವಾಯಿಯ ಹೊನೊಲುಲುವಿನಲ್ಲೇ ಹುಟ್ಟಿಸಿದ ವಿಧಿಯ ಮೇಲೆ ನನ್ನ ದೂರಿಲ್ಲ. ಆದರೆ ಅವರು ಬರುವ ಮುನ್ನವೇ ಆಫೀಸಿನ ಜಾಲಪುಟವನ್ನು ಮೊದಲಿಂದ ಕೊನೆಯವರೆಗೆ ಓದಿಕೊಳ್ಳುವಂತೆ ತಾವು ಮಾಡಿದ್ದಿರಿ. ಅವರು ನೇರವಾಗಿ ನನ್ನ ಬಳಿಗೆ ಬಂದು, ಎರಡೂ ಕೈಗಳಿಂದ ನನ್ನ ಕೈ ಹಿಡಿದು, “ಹೌಪಿಯಾ ಮಾಡುವವರು ನೀವೇ ತಾನೆ?” ಎಂದು ಕೇಳಿದರು. ನಾನು ಮಾಡುವ ತಿಂಡಿಯ ಹೆಸರು ನನಗೆ ಗೊತ್ತಾದದ್ದು ಹಾಗೆ.

ಕಾರ್ನ್‌ಫ್ಲೋರ್ ಹಾಕುವಿರೋ ಅಥವಾ ಹಳೆಯ ಕಾಲದಂತೆ ಗೆಡ್ಡೆಯ ಹಿಟ್ಟೋ ಎಂದು ಅವರು ಕೇಳಿದಾಗ, ಹಳೆಯದೇ ಎಂದೆ. ಯಾರಿಂದ ಕಲಿತಿರಿ ಎಂದಾಗ, ಒಬ್ಬ ಅಜ್ಜಿಯಿಂದ ಎಂದೆ. ಯಾರ ಅಜ್ಜಿ ಎಂದು ಅವರು ಕೇಳದಿದ್ದದ್ದು ನನ್ನ ಪೂರ್ವಜನ್ಮದ ಪುಣ್ಯ. ಊರು ಬಿಟ್ಟು ಎರಡು ವರ್ಷವಾಯಿತು, ತಿನ್ನಬೇಕೆಂದು ಆಸೆಯಾಗಿದೆ, ಶುಕ್ರವಾರದ ತಂಡದ ಊಟಕ್ಕೆ ತರುವಿರಾ ಎಂದು ಕೇಳುವಾಗ ಅವರ ಮುಖದಲ್ಲಿ ಮುಖ್ಯಸ್ಥೆ ಇರಲಿಲ್ಲ, ಮನೆಯ ನೆನಪಾದ ಹೆಂಗಸೊಬ್ಬಳು ಇದ್ದಳು. ಆ ಮುಖಕ್ಕೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ.

ಅಂದು ಸಂಜೆ ನನ್ನ ಹೆಂಡತಿ ಹಂಸಾಳಿಗೆ ವಿಷಯವನ್ನೆಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟಳು.

“ಕೇರಂ ಆಡ್ತೀನಿ ಅನ್ಬಹುದಿತ್ತಲ್ರೀ.”

“ಅದು ಇಂಟರೆಸ್ಟಿಂಗ್ ಅನ್ಸ್‌ಲಿಲ್ಲ.”

“ಹದಿಮೂರು ವರ್ಷ ನಿಮ್ಜೊತೆ ಸಂಸಾರ ಮಾಡಿದೀನಿ, ನೀವೆಷ್ಟು ಇಂಟರೆಸ್ಟಿಂಗ್ ಅಂತ ನನ್ನ ಕೇಳಿದ್ರೆ ನಾನೇ ಬರ್ದು ಕೊಡ್ತಿದ್ದೆ,” ಎಂದು ಹೇಳಿ, ಫೋನಿನಲ್ಲಿ ಮಾಡುವ ವಿಧಾನ ಹುಡುಕಲು ನನ್ನ ಪಕ್ಕಕ್ಕೇ ಬಂದು ಕುಳಿತಳು.

ತೆಂಗಿನಹಾಲು, ಸಕ್ಕರೆ, ಹಿಟ್ಟು, ನೀರು, ಚಿಟಿಕೆ ಉಪ್ಪು. ಕಾಯಿಸಿ, ಗಟ್ಟಿಯಾದ ಮೇಲೆ ತಟ್ಟೆಗೆ ಹೊಯ್ದು, ಫ್ರಿಜ್ಜಿನಲ್ಲಿಟ್ಟು, ಚೌಕಾಕಾರವಾಗಿ ಕತ್ತರಿಸುವುದು. ಹತ್ತೇ ನಿಮಿಷದ ಕೆಲಸವೆಂದು ಅದರಲ್ಲಿ ಬರೆದಿತ್ತು. ಹಾಗೆ ಬರೆದವರಿಗೂ ತಮ್ಮ ವಿಭಾಗದಲ್ಲೊಂದು ಹುದ್ದೆ ಕೊಡಬಹುದೆಂದು ಸವಿನಯವಾಗಿ ಸೂಚಿಸುತ್ತೇನೆ. ಸೋಮವಾರದ ಪ್ರಯತ್ನವನ್ನು ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟರೂ ಅದು ತಟ್ಟೆಯಲ್ಲಿ ಅತ್ತಿತ್ತ ತುಳುಕುತ್ತಲೇ ಇತ್ತು. ನಮ್ಮ ಒಂಬತ್ತು ವರ್ಷದ ಮಗಳು ಜಾನ್ವಿ ಚಮಚ ಅದ್ದಿ ನೋಡಿ, “ಅಪ್ಪಾ, ದಿಸ್ ಒನ್ ಸೂಪ್ ಲಾ,” ಎಂದು ಇಲ್ಲಿನ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ತೀರ್ಪಿತ್ತಳು. ಮಂಗಳವಾರ ಹಠಕ್ಕೆ ಬಿದ್ದು ಹಿಟ್ಟು ಹೆಚ್ಚು ಹಾಕಿ ದೊಡ್ಡ ಉರಿಯಲ್ಲಿ ಕಾಯಿಸಿದೆ. ಅದು ಎಷ್ಟು ಗಟ್ಟಿಯಾಯಿತೆಂದರೆ, ಒಂದು ತುಂಡು ಕೈಜಾರಿ ನೆಲಕ್ಕೆ ಬಿದ್ದಾಗ ಅದರ ಒಂದು ಮೂಲೆಯೂ ಮುಕ್ಕಾಗಲಿಲ್ಲ. ಹಂಸಾ ಅದನ್ನು ಎತ್ತಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ಈಗ ಅಲುಗಾಡುತ್ತಿಲ್ಲ.

ನಾನು ಹೇಳಿಕೊಂಡಿದ್ದ ಹಳೆಯ ಕಾಲದ ಹಿಟ್ಟೆಂದರೆ ಏನೆಂದು ಹುಡುಕಿದಾಗ, ಅದು ನಮ್ಮ ಕರಾವಳಿಯವರು ಬಳಸುವ ಕೂವೆ ಹಿಟ್ಟಿನ ದೂರದ ದಾಯಾದಿಯಂತೆ ಕಂಡಿತು. ಹಂಸಾಳ ಗೆಳತಿ, ಉಡುಪಿಯ ವಿನೋದಾ ಅವರ ಬಳಿ ಅದಿದೆಯೆಂದು ತಿಳಿದು, ಬುಧವಾರ ಕೆಲಸ ಮುಗಿಸಿ, ರೈಲಿನಲ್ಲಿ ದ್ವೀಪದ ಈ ತುದಿಯಿಂದ ಆ ತುದಿಗೆ, ಜುರಾಂಗ್ ಈಸ್ಟ್‌ಗೆ ಹೋದೆ. ಅವರು ಡಬ್ಬಿ ಕೊಡುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇದು ಮಕ್ಕಳ ಹೊಟ್ಟೆ ಕೆಟ್ರೆ ಮಣ್ಣಿ ಮಾಡಿ ಕೊಡೋದು ಮಾರಾಯ್ರೆ. ನಿಮ್ಮ ಬಾಸ್‌ಗೆ ಏನಾಗಿದೆ?”

ಏನೂ ಆಗಿಲ್ಲ, ಆಗಿರುವುದೆಲ್ಲ ನನಗೇ ಎಂದೆ. ಅವರು ನಕ್ಕು, ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಬೇಕು, ಉರಿ ಸಣ್ಣಗಿರಬೇಕು, ಒಲೆಯ ಮುಂದೆ ನಿಂತಮೇಲೆ ಫೋನ್ ಬಂದರೂ ಕೈ ನಿಲ್ಲಿಸಬಾರದು ಎಂದು ಹೇಳಿ ಕಳಿಸಿದರು.

ಗುರುವಾರ ಸಂಜೆ ಹಾಗೆಯೇ ಮಾಡಿದೆ. ಹಂಸಾ ತಾಜಾ ತೆಂಗಿನ ತುರಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಗಟ್ಟಿ ಹಾಲು ತೆಗೆದುಕೊಟ್ಟಳು. ನಾನು ತಿರುಗಿಸಿದೆ. ಹದಿನೈದು ನಿಮಿಷ ಏನೂ ಆಗಲಿಲ್ಲ. ತೋಳು ಸೋತಿತು, ಕನ್ನಡಕಕ್ಕೆ ಹಬೆ ಕಟ್ಟಿತು. ಆಮೇಲೆ ಇದ್ದಕ್ಕಿದ್ದಂತೆ ಸೌಟು ಭಾರವಾಯಿತು, ಹಾಲಿಗೆ ಹೊಳಪು ಬಂತು, ಸೌಟು ಎಳೆದ ಗೆರೆ ಕೂಡಿಕೊಳ್ಳದೆ ಹಾಗೆಯೇ ನಿಂತಿತು. ಸಂತೋಷ ತಡೆಯಲಾರದೆ ನನ್ನ ಎಡಗೈ ತಾನಾಗಿ ಏಲಕ್ಕಿ ಡಬ್ಬಿಯತ್ತ ಹೋಯಿತು. ಹಂಸಾ ಮಣಿಕಟ್ಟು ಹಿಡಿದುಕೊಂಡಳು.

“ಏಲಕ್ಕಿ ಬಿತ್ತು ಅಂದ್ರೆ ಅದು ಹವಾಯಿ ಬಿಟ್ಟು ಸೀದಾ ಗಾಂಧಿಬಜಾರ್‌ಗೆ ಬಂದ್ಬಿಡತ್ತೆ. ಕೈ ತೆಗೀರಿ.”

ಶುಕ್ರವಾರ ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಾಗ ಮೂವತ್ತು ಬಿಳಿಯ ಚೌಕಗಳು ಒಂದಕ್ಕೊಂದು ಅಂಟದೆ ಕುಳಿತಿದ್ದವು. ತಾವು ಆ ಹೊತ್ತಿಗೆ ‘ತಂಡಗಳಲ್ಲಿ ಪ್ರಾಮಾಣಿಕತೆ’ ಎಂಬ ವಿಷಯದ ಮೇಲೆ ಬೇರೊಂದು ಕಟ್ಟಡದಲ್ಲಿ ಉಪನ್ಯಾಸ ಕೊಡುತ್ತಿದ್ದುದರಿಂದ, ಮುಂದೆ ನಡೆದದ್ದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ.

ಮಲಿಯಾ ಅವರು ಒಂದು ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇನ್ನೊಂದನ್ನು ತೆಗೆದುಕೊಂಡರು. ನಂತರ, ನಮ್ಮ ಊರಿನಲ್ಲೂ ಈಗ ಇಷ್ಟು ತಾಳ್ಮೆಯಿಂದ ಯಾರೂ ಮಾಡುವುದಿಲ್ಲ, ನಿಮಗೆ ಕಲಿಸಿದ ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇಲ್ಲದ ಅಜ್ಜಿಗೆ ನಮಸ್ಕಾರ ಹೊತ್ತೊಯ್ಯಲು ನನ್ನಿಂದಾಗಲಿಲ್ಲ. ಇಡೀ ತಂಡದ ಎದುರು, ಅಜ್ಜಿಯಿಲ್ಲ, ಹವಾಯಿಯನ್ನು ನಾನು ಕಂಡಿಲ್ಲ, ಈ ತಿಂಡಿಯ ಹೆಸರನ್ನೂ ಸೋಮವಾರ ನಿಮ್ಮ ಬಾಯಿಂದಲೇ ಕೇಳಿದ್ದು, ಆಮೇಲೆ ಕಲಿತದ್ದು ಎಂದು ಹೇಳಿಬಿಟ್ಟೆ. ವರ್ಷದ ಮೌಲ್ಯಮಾಪನವೂ, ನನ್ನ ಮರ್ಯಾದೆಯೂ ಜೊತೆಜೊತೆಯಾಗಿ ಲಿಫ್ಟ್ ಇಳಿದುಹೋಗುತ್ತಿರುವಂತೆ ಅನಿಸಿತು.

ಮಲಿಯಾ ಅವರು ಮೂರನೇ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು. “ನಾಲ್ಕು ದಿನದಲ್ಲಿ ಕಲಿತಿರಾ?” ಎಂದರು. ಹೌದೆಂದೆ. ಅವರು ಕುರ್ಚಿ ಎಳೆದು ಕುಳಿತು, ತಾನು ಊರು ಬಿಟ್ಟು ಮೊದಲ ಕೆಲಸಕ್ಕೆ ಸೇರಿದಾಗ ಅಲ್ಲಿಯೂ ಹೀಗೆಯೇ ಕುರ್ಚಿಗಳನ್ನು ದುಂಡಗೆ ಹಾಕಿದ್ದರೆಂದೂ, ಹವಾಯಿಯವಳೆಂದ ಮೇಲೆ ಬೇರೆ ದಾರಿ ಕಾಣದೆ ಅಲೆಗಳ ಮೇಲೆ ಸರ್ಫಿಂಗ್ ಮಾಡುತ್ತೇನೆಂದು ಹೇಳಿದೆನೆಂದೂ, ಆ ಆಫೀಸು ಬಿಡುವಾಗ ಎಲ್ಲರೂ ಸೇರಿ ತನಗಿಂತ ಎತ್ತರದ ಹಲಗೆಯೊಂದನ್ನು ಉಡುಗೊರೆ ಕೊಟ್ಟರೆಂದೂ ಹೇಳಿದರು. “ನನಗೆ ಈಜು ಬರುವುದಿಲ್ಲ,” ಎಂದರು. “ಸೊಂಟದವರೆಗೆ ನೀರು ಬಂದರೆ ಅಳು ಬರುತ್ತದೆ.”

ಮೊದಲು ನಕ್ಕವರು ವೈ ಲಿಂಗ್. ನಗುತ್ತಲೇ, ತಾನು ಕಾದಂಬರಿಗಳ ಹಿಂಬದಿಯ ರಕ್ಷಾಪುಟವನ್ನಷ್ಟೇ ಓದುವುದೆಂದು ಒಪ್ಪಿಕೊಂಡರು. ಕುಶಾಲ್ ನನ್ನ ಕಿವಿಯ ಹತ್ತಿರ ಬಾಗಿ, “ಸರ್, ಬೇಸ್ ಕ್ಯಾಂಪ್ ಅಲ್ಲ, ಎರಡನೇ ದಿನಾನೇ ತಲೆನೋವು ಅಂತ ಹೆಲಿಕಾಪ್ಟರ್‌ನಲ್ಲಿ ವಾಪಸ್ ಬಂದೆ,” ಎಂದ. ಅದನ್ನು ಎಲ್ಲರಿಗೂ ಹೇಳೆಂದೆ, ಹೇಳಿದ. ಒಬ್ಬೊಬ್ಬರಾಗಿ ಡಬ್ಬಿಗೆ ಕೈ ಹಾಕುತ್ತ, ಒಬ್ಬೊಬ್ಬರಾಗಿ ತಂತಮ್ಮ ಭಾವಚಿತ್ರದ ಕೆಳಗಿನ ಸಾಲನ್ನು ವಾಪಸು ತೆಗೆದುಕೊಂಡರು. ಒಂದೂವರೆ ಗಂಟೆ ಯಾರೂ ಪ್ಯಾಂಟ್ರಿ ಬಿಟ್ಟು ಏಳಲಿಲ್ಲ. ಜನವರಿಯಿಂದ ತಾವು ನಡೆಸಿದ ಆರು ಕಾರ್ಯಕ್ರಮಗಳಿಂದ ಆಗದಿದ್ದದ್ದು ಒಂದು ಡಬ್ಬಿ ಕೂವೆ ಹಿಟ್ಟಿನಿಂದ ಆಯಿತೆಂದು ಹೇಳಿದರೆ ಅದು ತಮಗೆ ಅಗೌರವವಾದೀತು, ಆದ್ದರಿಂದ ಹೇಳುವುದಿಲ್ಲ.

ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಜಾಲಪುಟದಲ್ಲಿ ಹದಿನಾಲ್ಕು ಜನರ ಕುರಿತು ತಾವು ಪ್ರಕಟಿಸಿರುವ ಸ್ವಾರಸ್ಯಕರ ಸಂಗತಿಗಳ ಪೈಕಿ ಇಂದಿಗೆ ನಿಜವಾಗಿ ಉಳಿದಿರುವುದು ನನ್ನದೊಂದೇ. ಜನವರಿಯಲ್ಲಿ ಸುಳ್ಳಾಗಿದ್ದ ಆ ಸಾಲು ಏಪ್ರಿಲ್ ತಿಂಗಳ ಒಂದು ಗುರುವಾರ, ಸಂಜೆ ಏಳೂಕಾಲಿಗೆ, ಒಲೆಯ ಮುಂದೆ ನಿಜವಾಯಿತು. ಆದಕಾರಣ, ತಾವು ದಯಮಾಡಿ ಈ ವರ್ಷದ ಜನವರಿ ತಿಂಗಳನ್ನು ಏಪ್ರಿಲ್‌ನ ನಂತರಕ್ಕೆ ಸ್ಥಳಾಂತರಿಸಿ, ನಾನು ಎಂದೂ ಸುಳ್ಳಾಡಿದವನಲ್ಲವೆಂದು ಪ್ರಮಾಣಪತ್ರ ಕೊಡಿಸಬೇಕೆಂದೂ, ಅದು ಆಗದಿದ್ದರೆ, ನನ್ನ ಬಲತೋಳಿಗೆ ಮಾತ್ರವಾದರೂ ಎರಡು ದಿನ ರಜೆ ಮಂಜೂರು ಮಾಡಬೇಕೆಂದೂ ಕೋರುತ್ತೇನೆ. ಎಡತೋಳು ಎಂದಿನಂತೆ ಎಂಟೂ ಹತ್ತರ ರೈಲಿಗೆ ಬರುತ್ತದೆ.

ತಮ್ಮ ಸಂತೋಷ ವಿಭಾಗದಿಂದ ಸಂತೋಷವನ್ನೂ, ಅದರ ದಣಿವನ್ನೂ ಸಮವಾಗಿ ಪಡೆದ,

ತಮ್ಮ ವಿಶ್ವಾಸಿ,
ನವನೀತ್

ತಾ.ಕ.: ಅದೇ ಜಾಲಪುಟದಲ್ಲಿ ತಮ್ಮ ಭಾವಚಿತ್ರದ ಕೆಳಗೆ ‘ಹನ್ನೆರಡು ವರ್ಷಗಳ ವೀಣಾಭ್ಯಾಸ’ ಎಂದಿರುವುದನ್ನು ವೈ ಲಿಂಗ್ ಅವರು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದರು. ಮುಂದಿನ ಶುಕ್ರವಾರ ಮಧ್ಯಾಹ್ನ ನಮ್ಮ ಕಚೇರಿಯಲ್ಲಿ ತಮ್ಮ ಕಚೇರಿ ಇಟ್ಟುಕೊಂಡಿದ್ದೇವೆ. ವೀಣೆಯ ಚಿಂತೆ ತಮಗೆ ಬೇಡ; ಪರಿಚಯದವರೊಬ್ಬರು ಕೊಡಲು ಒಪ್ಪಿದ್ದಾರೆ, ತಂತಿಗಳನ್ನೂ ಹೊಸದಾಗಿ ಹಾಕಿಸಿದ್ದಾರೆ. ಮಲಿಯಾ ಅವರು ಮುಂದಿನ ಸಾಲಿನಲ್ಲಿ ಕೂರುವರು.