ಚೈತನ್ಯದ ಹನ್ನೊಂದನೆಯ ದಿನ

ಟಕ್, ಟಕ್, ಟಕ್.

ಬೆಳಗಿನ ಐದೂಮುಕ್ಕಾಲಿಗೆ ನಮ್ಮ ಅಡುಗೆಮನೆಯಲ್ಲಿ ತನುಜಾ ಕಾಫಿ ಫಿಲ್ಟರಿನ ನೆತ್ತಿಗೆ ಚಮಚದಿಂದ ಬಡಿಯುವ ಸದ್ದು ಇದು. ಡಿಕಾಕ್ಷನ್ ಇಳಿಯಲು ಹಟ ಮಾಡಿದರೆ ಅವಳು ಹೀಗೆ ಅದನ್ನು ಗದರಿಸುತ್ತಾಳೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ನಾನು ಎದ್ದಿರುವುದು ಈ ಸದ್ದಿಗೇ ಹೊರತು ಸೂರ್ಯನಿಗಲ್ಲ. ಆ ದಿನ ಮಾತ್ರ ಸದ್ದು ಕೇಳುವ ಹೊತ್ತಿಗೆ ನಾನು ಎರಡು ಲೋಟ ಬಿಸಿನೀರು ಕುಡಿದು, ಅಂಗಳದ ಇಬ್ಬನಿಯಲ್ಲಿ ಬರಿಗಾಲಲ್ಲಿ ನಿಂತು, ಪೂರ್ವದಿಕ್ಕಿಗೆ ಮುಖ ಮಾಡಿ ಆಗಿತ್ತು. ಜನವರಿಯ ಚಳಿ. ಸೂರ್ಯ ಬರಲು ಇನ್ನೂ ಒಂದು ಗಂಟೆ ಇತ್ತು. ನಾನು ಅವನಿಗಿಂತ ಮುಂಚೆ ಸಿದ್ಧನಾಗಿದ್ದೆ.

"ಇನ್ನು ಮುಂದೆ ಈ ದೇಹ ಕಾಫಿಯ ಹಂಗಿನಲ್ಲಿ ಇರುವುದಿಲ್ಲ" ಎಂದು ಘೋಷಿಸಿದೆ.

ತನುಜಾ ಕಿಟಕಿಯಿಂದ ಇಣುಕಿ, "ದೇಹಕ್ಕೆ ಹೇಳಿದ್ದೀರಾ?" ಎಂದಳು.

ನಾನು ಆಲೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಹೆಸರು ಮೃತ್ಯುಂಜಯ. ಮೃತ್ಯುವಿನ ಮಾತು ಹಾಗಿರಲಿ, ನಿದ್ದೆಯ ಎದುರು ನಾನು ಒಂದು ದಿನವೂ ಗೆದ್ದವನಲ್ಲ. ಊಟದ ನಂತರದ ಪೀರಿಯಡ್ಡಿನಲ್ಲಿ ನಾನು ಕುರ್ಚಿಯಲ್ಲೂ ಮಕ್ಕಳು ಬೆಂಚಿನಲ್ಲೂ ಪರಸ್ಪರ ಗೌರವದಿಂದ ತೂಕಡಿಸುತ್ತಿದ್ದೆವು. ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ನಷ್ಟವಾದದ್ದು ನಾಲ್ಕು ವರ್ಷದ ಹಿಂದೆ, ಹೆಗ್ಗದ್ದೆಯಲ್ಲಿ, ತೀರಿಕೊಂಡ ನನ್ನ ಮಾವ ಚಂದ್ರಯ್ಯನವರ ಶಿವಗಣಾರಾಧನೆಯ ದಿನ.

ಅಂದು ನನ್ನ ಹೆಂಡತಿಯ ಅಣ್ಣ ನಂಜುಂಡಯ್ಯನವರು ಶಾಮಿಯಾನದ ಕೆಳಗೆ ನಿಂತು ಅಪ್ಪನ ಬಗ್ಗೆ ಮಾತಾಡುತ್ತಿದ್ದರು. ಜೀವನದಲ್ಲಿ ಮೈಕು ಹಿಡಿದವರಲ್ಲ. ಅಪ್ಪ ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಬುಟ್ಟಿಯೊಳಗೆ ಕಾಫಿ ಸಸಿ ಹೊತ್ತು ಘಟ್ಟದ ಏರು ಹತ್ತಿ ಬಂದದ್ದನ್ನು ಹೇಳುತ್ತ, ಹಳ್ಳ ದಾಟುವ ಜಾಗಕ್ಕೆ ಬಂದು ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡರು. ಆ ಮೌನದಲ್ಲಿ ಮುಂದಿನ ಸಾಲಿನಿಂದ ನನ್ನ ಗೊರಕೆ ಎದ್ದಿತು. ಶಾಮಿಯಾನದ ಕೊನೆಯ ಕಂಬದವರೆಗೂ ಕೇಳಿಸಿತಂತೆ. ಭಾವ ಮೈಕು ಕೆಳಗಿಟ್ಟು ಒಳಗೆ ಹೋದರು. ಚಂದ್ರಯ್ಯನವರು ಹಳ್ಳ ದಾಟಿದರೋ ಇಲ್ಲವೋ, ಬಂದವರಿಗೆ ಕೊನೆಗೂ ತಿಳಿಯಲಿಲ್ಲ.

ಒಬ್ಬರನ್ನೊಬ್ಬರು 'ಭಾವ' ಎನ್ನುತ್ತಿದ್ದವರು ನಾವು; ಅಂದಿನಿಂದ ನಂಜುಂಡಯ್ಯನವರು ನನ್ನನ್ನು ಹಾಗೆ ಕರೆಯುವುದು ಬಿಟ್ಟರು. ತನುಜಾ ನನ್ನನ್ನು ಬಿಟ್ಟು ತವರಿಗೆ ಹೋಗಲಿಲ್ಲ, ನನ್ನನ್ನು ಕರೆದುಕೊಂಡು ಹೋಗುವ ಹಾಗೂ ಇರಲಿಲ್ಲ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದ ಅಣ್ಣ ಅವರು. ಪ್ರತಿ ಗೌರಿ ಹಬ್ಬಕ್ಕೆ ಬಾಗಿನವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ತನುಜಾ ಮೊರವನ್ನು ಬಿಚ್ಚಿ, ಬಳೆಗಳನ್ನು ಮುಟ್ಟಿ ನೋಡಿ, ಸುಮ್ಮನೆ ಒಳಗೆ ಇಡುತ್ತಿದ್ದಳು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ ತನುಜಾಳ ಅತ್ತಿಗೆ ಬಸಮ್ಮ ಅವಳಿಗೆ ಫೋನ್ ಮಾಡಿದರು. ನಿಮ್ಮಣ್ಣ ಹೇಳವ್ರೆ, ಇಬ್ಬರೂ ಬಂದು ಒಂದು ಲೋಟ ಕಾಫಿ ಕುಡಿದು ಹೋಗಬೇಕಂತೆ ಎಂದರು. ಫೋನಿಟ್ಟ ತನುಜಾ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು: "ಅವತ್ತು ನಿದ್ದೆ ಮಾಡ್ಬೇಡಿ."

ನಾನು ಆ ಮಾತನ್ನು ವ್ರತವಾಗಿ ಸ್ವೀಕರಿಸಿದೆ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಪ್ಯಾಟ್ರಿಕ್ ಅವರನ್ನು ಕೇಳಿದಾಗ ಅವರು ಬೆರಳು ಮಡಿಚುತ್ತ ಏಳು ಅಭ್ಯಾಸ ಹೇಳಿದರು. ಔಷಧಿಯಿಲ್ಲ, ಖರ್ಚಿಲ್ಲ. ಎದ್ದಕೂಡಲೇ ಬಿಸಿನೀರು, ಬರಿಗಾಲಲ್ಲಿ ಬೆಳಗಿನ ಬಿಸಿಲು, ಕಣ್ಣು ಎಳೆದಾಗ ದೀರ್ಘ ಉಸಿರು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ಕೂರದಿರುವುದು, ಕಾಫಿಗೆ ವಿದಾಯ, ದಿನಕ್ಕೊಂದು ಏರು ಹತ್ತುವುದು, ಒಂಬತ್ತಕ್ಕೆ ಮಲಗುವುದು. "ಹತ್ತು ದಿನ ಮಾಡಿ ನೋಡಿ ಮಾರಾಯ್ರೆ, ಹನ್ನೊಂದನೇ ದಿನ ನೀವು ಬೇರೆಯೇ ಮನುಷ್ಯ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಮೊದಲ ಮೂರು ದಿನ ತಲೆಯೊಳಗೆ ಯಾರೋ ಮೆಣಸು ಕುಟ್ಟಿದಂತಾಯಿತು. ಐದನೆಯ ದಿನಕ್ಕೆ ಮೈ ಹಗುರಾಯಿತು. ಎಂಟನೆಯ ದಿನ ಊಟದ ನಂತರದ ಪೀರಿಯಡ್ಡಿನಲ್ಲಿ ನಾನು ಪೂರ್ತಿ ಎಚ್ಚರವಾಗಿದ್ದೆ. ಮಕ್ಕಳು ಗಾಬರಿಯಾದರು. ಹತ್ತನೆಯ ದಿನ ನನ್ನಷ್ಟು ಶಿಸ್ತಿನ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂಬ ತಿಳಿವಳಿಕೆ ಮೂಡಿತು. ಹನ್ನೊಂದನೆಯ ದಿನ ಭಾನುವಾರ. ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಹೆಗ್ಗದ್ದೆಯಲ್ಲಿ ಇಳಿದೆವು.

ಭಾವ ಜಗಲಿಯಿಂದ ಇಳಿದು ಬಂದು ತಂಗಿಯ ತಲೆ ಸವರಿದರು. ನನಗೆ, "ಬನ್ನಿ ಮೇಷ್ಟ್ರೇ" ಎಂದರು. ಎದುರಿನ ಕಣದಲ್ಲಿ ಕಾಫಿ ಒಣಗುತ್ತಿತ್ತು. ಜಗಲಿಯ ಎರಡು ಕುರ್ಚಿಯಲ್ಲಿ ನಾವಿಬ್ಬರೂ ಕೂತೆವು. ತನುಜಾ ಹೊಸಿಲಿಗೆ ಒರಗಿ ನಿಂತಳು.

ಸ್ವಲ್ಪ ಹೊತ್ತು ಫಸಲಿನ ಮಾತಾಯಿತು. ಆಮೇಲೆ ಅವರು ಕಣದ ಕಡೆ ನೋಡುತ್ತ, "ಅಪ್ಪ ಇದ್ದಿದ್ರೆ ಈ ಸಲದ ಹಣ್ಣು ನೋಡಿ..." ಎಂದು ಶುರು ಮಾಡಿದರು. ನಾಲ್ಕು ವರ್ಷದ ಹಿಂದೆ ನಿಂತ ಮಾತು ಮತ್ತೆ ನಡೆಯತೊಡಗಿತ್ತು. ಅದೇ ಹೊತ್ತಿಗೆ ತಿರುವು ರಸ್ತೆಯ ಬಸ್ಸಿನ ಆಯಾಸ ನನ್ನ ರೆಪ್ಪೆಯ ಮೇಲೆ ಬಂದು ಕೂತಿತು. ನಾನು ಸೋಲಲಿಲ್ಲ. ಮೂಗಿನಿಂದ ಉದ್ದಕ್ಕೆ ಉಸಿರೆಳೆದು, ಏಳು ಎಣಿಸಿ, ಪ್ಯಾಟ್ರಿಕ್ ಹೇಳಿಕೊಟ್ಟಂತೆ ಬಾಯಿಂದ ಸದ್ದಾಗಿ ಬಿಟ್ಟೆ.

ಭಾವ ಮಾತು ನಿಲ್ಲಿಸಿದರು. "ಬೇಜಾರಾಯ್ತಾ ಮೇಷ್ಟ್ರೇ?"

ಇಲ್ಲ, ಹೇಳಿ ಹೇಳಿ ಎಂದೆ. ಅವರು ಮತ್ತೆ ಆರಂಭಿಸಿದರು. ಬುಟ್ಟಿ ಬಂತು, ಸಸಿ ಬಂತು, ಏರು ಬಂತು. ಅಷ್ಟರಲ್ಲಿ ನನ್ನ ಜೇಬಿನ ಮೊಬೈಲು ಕೂಗಿಕೊಂಡಿತು. ಇಪ್ಪತ್ತು ನಿಮಿಷವಾಗಿತ್ತು. ನಾನು ತಟ್ಟನೆ ಎದ್ದು ನಿಂತೆ. ಅವರೂ ಎದ್ದು ನಿಂತರು.

"ಹೊರಟ್ರಾ?"

"ಇಲ್ಲ ಭಾವ. ನಿಂತ್ಕೊಂಡೇ ಕೇಳ್ತೀನಿ."

ಹಿರಿಯರೊಬ್ಬರು ತೀರಿಕೊಂಡ ತಂದೆಯ ಕಥೆ ಹೇಳುತ್ತಿದ್ದಾರೆ, ಅಳಿಯನಾದವನು ಎದುರಿಗೆ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತಿದ್ದಾನೆ. ಹೊಸಿಲಲ್ಲಿ ತನುಜಾಳ ಮುಖ ಹೇಗಿತ್ತೋ, ನಾನು ಆ ಕಡೆ ನೋಡಲಿಲ್ಲ. ನಾನು ನನ್ನ ಎಚ್ಚರವನ್ನು ನೋಡಿಕೊಳ್ಳುತ್ತಿದ್ದೆ.

ಬಸಮ್ಮ ತಟ್ಟೆಯಲ್ಲಿ ಕಾಫಿ ತಂದರು. ಭಾವ ಒಂದು ಲೋಟವನ್ನು ತಾವೇ ತೆಗೆದು, ಎರಡೂ ಕೈಯಲ್ಲಿ ನನ್ನ ಕಡೆ ಹಿಡಿದರು. ನಮ್ಮ ಕಡೆ ಮನಸ್ತಾಪ ಮುಗಿಯುವುದು ಮಾತಿನಿಂದಲ್ಲ. ಒಬ್ಬರು ಲೋಟ ಹಿಡಿಯುತ್ತಾರೆ, ಇನ್ನೊಬ್ಬರು ತೆಗೆದುಕೊಂಡು ಕುಡಿಯುತ್ತಾರೆ, ಅಲ್ಲಿಗೆ ಆಯಿತು. ಲೋಟ ಮುಟ್ಟದಿದ್ದರೆ ಜಗಳ ಇನ್ನೂ ಇದೆ ಎಂದು ಅರ್ಥ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹನ್ನೊಂದು ದಿನದ ನಿಷ್ಠೆ ತಲೆಗೇರಿದವನಿಗೆ ಬೇರೆ ಯಾವುದೂ ನೆನಪಿರುವುದಿಲ್ಲ.

"ಕಾಫಿ ಬಿಟ್ಟುಬಿಟ್ಟಿದ್ದೀನಿ ಭಾವ" ಎಂದೆ. "ಅದು ಕೊಡೋದು ಸುಳ್ಳು ಚೈತನ್ಯ. ಒಂದು ಲೋಟ ಬಿಸಿನೀರು ಸಾಕು."

ಎರಡು ತಲೆಮಾರಿನಿಂದ ಕಾಫಿ ಬೆಳೆಯುವ ಮನೆಯ ಜಗಲಿಯಲ್ಲಿ ನಿಂತು ನಾನು ಇದನ್ನು ಹೇಳಿದೆ.

ಭಾವ ಲೋಟವನ್ನು ಮೆಲ್ಲಗೆ ಜಗಲಿಯ ಕಟ್ಟೆಯ ಮೇಲೆ ಇಟ್ಟರು. "ಮೇಷ್ಟ್ರಿಗೆ ಬಿಸಿನೀರು ಕೊಡೇ" ಎಂದು ಹೆಂಡತಿಗೆ ಹೇಳಿ ಒಳಗೆ ಹೋದರು. ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಬಸಮ್ಮ ಊಟಕ್ಕೆ ಎಷ್ಟು ಹೇಳಿದರೂ ತನುಜಾ ಬಸ್ಸಿನ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿದಳು.

ರಸ್ತೆಗೆ ಇಳಿಯುವ ದಾರಿಯಲ್ಲಿ ಅವಳು ನನಗಿಂತ ಮುಂದೆ ನಡೆದಳು. ನಾನು, ಕೊನೆಗೂ ನಿದ್ದೆ ಮಾಡಲಿಲ್ಲ ನೋಡು ಎಂದೆ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ಅವಳು ಸೀರೆಯ ಸೆರಗನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಾಲ್ಕು ವರ್ಷದ ಹಿಂದೆ ನಿದ್ದೆ ಮಾಡಿ ನನ್ನ ತವರು ಕಳೆದ್ರಿ" ಎಂದಳು. "ಇವತ್ತು ಎಚ್ಚರವಾಗಿದ್ದು ಕಳೆದ್ರಿ."

ದನಿ ಏರಲಿಲ್ಲ. ಮತ್ತೆ ಹೇಳಿದಳು: "ಆ ಲೋಟದಲ್ಲಿ ಇದ್ದಿದ್ದು ಅಪ್ಪ ಹೊತ್ತು ತಂದು ನೆಟ್ಟ ಗಿಡದ ಕಾಫಿ. ಅದನ್ನ ಅಣ್ಣ ಮಾರಲ್ಲ. ಬೆಳಿಗ್ಗೆ ತಾನೇ ಒಲೆ ಮುಂದೆ ಕೂತು ಹುರಿದನಂತೆ. ಅತ್ತಿಗೆ ಹೇಳಿದ್ರು."

ದೂರದ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನಾನು ತಿರುಗಿ ಏರು ಹತ್ತತೊಡಗಿದೆ. ನಡಿಗೆಯಲ್ಲ, ಓಟ. ಪ್ಯಾಟ್ರಿಕ್ ಕೊಟ್ಟ ಚೈತನ್ಯ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಭಾವ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಲೋಟ ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ನಾನು ಏದುಸಿರು ಬಿಡುತ್ತ ಅದನ್ನು ಎರಡೂ ಕೈಯಲ್ಲಿ ಎತ್ತಿ, ಕೆನೆಯ ಸಮೇತ, ತಳದ ಸಕ್ಕರೆಯವರೆಗೂ ಕುಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಆರಿ ಹೋಗಿತ್ತಲ್ಲೋ ಮಾರಾಯ" ಎಂದರು. "ಕೂತ್ಕೊ. ಬಿಸಿ ಮಾಡಿ ಕೊಡ್ತಾಳೆ."

ಅಷ್ಟರಲ್ಲಿ ತನುಜಾ ಅಂಗಳಕ್ಕೆ ಬಂದಳು. ಬಸ್ಸನ್ನು ಬಿಟ್ಟು ಬಂದಿದ್ದಳು. ಅಣ್ಣನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ನನ್ನ ಕೈಯಲ್ಲಿದ್ದ ಖಾಲಿ ಲೋಟವನ್ನು ಮಾತ್ರ ನೋಡಿ, ಅದನ್ನು ಇಸಿದುಕೊಂಡು ನೇರ ಅಡುಗೆಮನೆಗೆ ಹೋದಳು. ನಾಲ್ಕು ವರ್ಷದ ನಂತರ ಆ ಮನೆಯೊಳಗಿನಿಂದ ಆ ಸದ್ದು ಬಂತು. ಟಕ್, ಟಕ್, ಟಕ್.

ಎರಡನೆಯ ಲೋಟ ಕುಡಿದೆ. ಮೂರನೆಯದನ್ನೂ ಕುಡಿದೆ. ಹನ್ನೊಂದು ದಿನ ಉಪವಾಸವಿದ್ದ ರಕ್ತದೊಳಗೆ ಚಂದ್ರಯ್ಯನವರ ಕಾಫಿ ಇಳಿದಾಗ ಏನಾಗುತ್ತದೆಂದು ಪ್ಯಾಟ್ರಿಕ್ ಹೇಳಿರಲಿಲ್ಲ. ನನ್ನ ಬಾಯಿ ಬಿಚ್ಚಿಕೊಂಡಿತು. ಆ ಉಸಿರು ಬೇಸರದ್ದಲ್ಲ, ಆ ಎದ್ದು ನಿಂತದ್ದು ಅವಮಾನ ಮಾಡಲು ಅಲ್ಲ ಎಂದು ಶುರು ಮಾಡಿದವನು ಬಿಸಿನೀರಿನ ಗುಣ, ಬರಿಗಾಲಿನ ಮಹಿಮೆ, ಬಿಸಿಲಿನ ಅಂತಃಶಕ್ತಿ ಎಂದು ಬೆರಳು ಮಡಿಚುತ್ತ ಹೋದೆ. ಐದನೆಯ ಅಭ್ಯಾಸವನ್ನು ಸಂಕ್ಷೇಪವಾಗಿ ದಾಟಿ ಆರನೆಯದಕ್ಕೆ ಬಂದಾಗ ಎದುರಿನ ಕುರ್ಚಿಯಿಂದ ಸದ್ದೊಂದು ಎದ್ದಿತು. ಸಣ್ಣದಾಗಿ, ಆಮೇಲೆ ಗಟ್ಟಿಯಾಗಿ, ಕಣದ ಆಚೆಯ ಬೇಲಿಯವರೆಗೂ ಕೇಳುವಂತೆ. ನಂಜುಂಡಯ್ಯನವರು ಗೊರಕೆ ಹೊಡೆಯುತ್ತಿದ್ದರು.

ನಾನು ಮಾತು ನಿಲ್ಲಿಸಿದೆ. ಮೌನಕ್ಕೆ ಅವರಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು, ಹೊಸಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದ ತಂಗಿಯನ್ನು ನೋಡಿದರು, ನನ್ನ ಮಡಿಚಿದ ಬೆರಳುಗಳನ್ನು ನೋಡಿದರು.

"ಆರನೆಯದು ಭಾವ, ದಿನಕ್ಕೊಂದು ಏರು..." ಎಂದೆ.

ಅವರು ಎದ್ದು ಟವಲನ್ನು ಹೆಗಲಿಗೆ ಹಾಕಿಕೊಂಡರು. "ಉಳಿದಿದ್ದನ್ನ ಇನ್ನು ನಾಲ್ಕು ವರ್ಷ ಬಿಟ್ಟು ಕೇಳ್ತೀನಿ, ಭಾವ" ಎಂದು, ಕಾಫಿ ಮಗುಚಿ ಹಾಕಲು ಕಣದ ಕಡೆ ನಡೆದರು.