ಒರಳಿನಲ್ಲಿ ಕಲ್ಲು ರುಬ್ಬಿದ ವಿಜ್ಞಾನಿ

ಮನುಷ್ಯನಿಗೆ ಸಿಟ್ಟು ಬರಬಾರದೆಂದು ಉಪದೇಶ ಮಾಡುವವರು ಕಚೇರಿಯ ಉಗ್ರಾಣದಿಂದ ಒಂದು ಕಬ್ಬಿಣದ ಕುಟ್ಟಾಣಿ ತರಿಸಿಕೊಂಡು ನೋಡಲಿ. ಅರವತ್ತರ ದಶಕದಲ್ಲಿ ನಾನು ಅಹಮದಾಬಾದಿನ ಪ್ರಯೋಗಾಲಯವೊಂದರಲ್ಲಿ ಕಲ್ಲುಗಳ ವಯಸ್ಸು ಪತ್ತೆ ಮಾಡುತ್ತಿದ್ದೆ. ಅದೂ ಎಂಥ ಕಲ್ಲು? ಭೂಮಿಯ ಹೊಟ್ಟೆಯಲ್ಲಿ ಬೆಂದು, ಹಿಂಡಿಸಿಕೊಂಡು, ಹುಟ್ಟಿದಾಗಿನ ರೂಪವನ್ನೇ ಕಳೆದುಕೊಂಡ ಕಲ್ಲು. ಅದರ ಜಾತಕ ಇರುವುದು ಜಿರ್ಕಾನ್, ಮೊನಜೈಟ್ ಎಂಬ ಪುಟ್ಟ ಹರಳುಗಳಲ್ಲಿ. ಅವುಗಳೊಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಕಲ್ಲು ಬೆಂದದ್ದು ಯಾವಾಗ ಎಂದು ಮೊನಜೈಟ್ ಹೇಳಿದರೆ, ಜಿರ್ಕಾನ್ ನಮ್ಮ ಸೋದರತ್ತೆಯ ಹಾಗೆ ಅದಕ್ಕೂ ಹಿಂದಿನದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ.

ಹರಳು ಸಿಗಬೇಕಾದರೆ ಕಲ್ಲು ಪುಡಿಯಾಗಬೇಕು. ಕುಟ್ಟಾಣಿ ಕೇಳಿದಾಗಲೆಲ್ಲ ಉಗ್ರಾಣದವರು "ಆವಶೇ, ಸಾಹೇಬ್, ಆವಶೇ", ಬರುತ್ತದೆ ಬರುತ್ತದೆ ಎಂದು ಗುಜರಾತಿಯಲ್ಲಿ ಸಮಾಧಾನ ಹೇಳಿ ಚಹಾ ತರಿಸುತ್ತಿದ್ದರು. ಚಹಾ ಬಂತು, ಕುಟ್ಟಾಣಿ ಬರಲಿಲ್ಲ. ಕೊನೆಗೆ ಒಂದು ಭಾನುವಾರ, ನನ್ನ ಹೆಂಡತಿ ಕಮಲ ಪಕ್ಕದ ಮನೆಯ ಜಶೋದಾಬೆನ್ ಜೊತೆ ತರಕಾರಿಗೆ ಹೋದ ಸಮಯ ನೋಡಿ, ಸುತ್ತಿಗೆಯಿಂದ ಒಡೆದ ಚೂರುಗಳನ್ನು ಅವಳ ಒರಳಿಗೆ ಸುರಿದೆ. ನಾನು ಬೇಡವೆಂದರೂ ಕೇಳದೆ ಮೈಸೂರಿನಿಂದ ರೈಲಿನಲ್ಲಿ ಹೊತ್ತು ತಂದ ಒರಳು ಅದು. ಉಪ್ಪುಕಾರದ ಸೋಂಕು ತಗಲಬಾರದೆಂದು ಮೂರು ಸಲ ತೊಳೆದೇ ಶುರು ಮಾಡಿದೆ. ರುಬ್ಬಿದ ಮೇಲೂ ತೊಳೆದಿಟ್ಟೆ. ಅವಳಿಗೆ ಗೊತ್ತಾಗಲಿಲ್ಲ.

ತಿಂಗಳುಗಟ್ಟಲೆ ಕಣ್ಣು ಕೀಲಿಸಿಕೊಂಡು ಹರಳು ಆರಿಸಿ, ಅಳೆದು, ವರದಿ ಬರೆದೆ. ವಿಜ್ಞಾನಿಗಳ ಸಭೆಗೆ ನನ್ನ ಹೆಸರಿನಲ್ಲಿ ಹೋಗಬೇಕಾಗಿದ್ದ ಮೊದಲ ವರದಿ. ನಮ್ಮ ಮುಖ್ಯಸ್ಥರು ಸೂಕ್ಷ್ಮದರ್ಶಕದಲ್ಲಿ ಇಣುಕಿ, "ಗುಂಡನೆಯ ಜಿರ್ಕಾನ್ ಸರಿ. ಈ ಉದ್ದನೆಯ ಚೂಪು ಜಿರ್ಕಾನ್ ಎಲ್ಲಿಂದ ಬಂತು? ಇದರ ವಯಸ್ಸೇ ಬೇರೆ. ಪುಡಿ ಮಾಡಿದ್ದು ಎಲ್ಲಿ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಇದು ಹೊಸ ಸಂಗತಿ, ಇತಿಹಾಸವನ್ನೇ ತಿದ್ದಬೇಕು ಎಂದು ವಾದಿಸಿದೆ. ಸಂಶಯ ತೀರುವವರೆಗೆ ಕಳಿಸುವುದಿಲ್ಲ ಎಂದರು.

ರಾತ್ರಿ ಊಟಕ್ಕೆ ಕೂತಾಗಲೂ ಕೂಗಾಡುತ್ತಲೇ ಇದ್ದೆ. "ಎಲ್ಲಿ ಪುಡಿ ಮಾಡಿದೆ ಅಂತ ನನ್ನನ್ನ ಕೇಳ್ತಾರೆ ಕಣೇ, ನನ್ನನ್ನ."

"ಎಲ್ಲಿ ಮಾಡಿದ್ರಿ?" ಎಂದಳು ಕಮಲ.

ಸಿಟ್ಟಿನ ಭರದಲ್ಲಿ ಆ ಭಾನುವಾರದ ಒರಳಿನ ಕಥೆ ಬಾಯಿಬಿಟ್ಟೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಅವಳ ಮುಖ ಅರಳಿತು.

"ಅದಕ್ಕೇ ಅನ್ನಿ. ಅದರ ಹಿಂದಿನ ದಿನ ತಾನೇ ಒರಳಿಗೆ ಹೊಸದಾಗಿ ಉಳಿ ಹೊಡೆಸಿದ್ದೆ ಕಣ್ರೀ. ಹಾಗೆ ಮಾಡಿಸಿದ ಮೇಲೆ ನಾಕು ಸಲ ಹೊಟ್ಟು ಹಾಕಿ ರುಬ್ಬಿ ಚೆಲ್ಲಬೇಕು, ಇಲ್ಲದಿದ್ರೆ ಚಟ್ನಿ ತುಂಬ ಒರಳಿಂದೇ ಕಲ್ಲು. ಈ ಸಲ ಮೊದಲನೇ ದಿನವೂ ಒಂದು ಹರಳು ಸಿಗಲಿಲ್ಲ."

ಮಾರನೆಯ ದಿನ ವರದಿ ವಾಪಸು ಕೇಳಿದೆ. ಯಾಕೆ ಎಂದರು ಮುಖ್ಯಸ್ಥರು. ಇಷ್ಟು ತಿಂಗಳ ಸಂಶೋಧನೆಯಿಂದ ನಮ್ಮ ಮನೆಯ ಚಟ್ನಿ ನುಣ್ಣಗಾಗಿದೆ ಎಂಬುದನ್ನು ಅವರಿಗೆ ಯಾವ ಬಾಯಿಂದ ಹೇಳಲಿ?