ಶುಕ್ರವಾರ ಕೂಸನ್ನ ಕಳಸಬಾರದು

ಬರ್ರಿ, ಈ ಚಾಪಿ ಮ್ಯಾಲೆ ಕುಂದ್ರಿ. ಕೈ ಖಾಲಿ ಇಟಗೊಂಡು ಕೂಡಬ್ಯಾಡ್ರಿ, ಒಂದು ಬೊಗಸಿ ಮೆಣಸಿನಕಾಯಿ ಮುಂದ ಹಾಕ್ಕೊಂಡು ತೊಟ್ಟು ಮುರಕೋತ ಕೇಳ್ರಿ. ಬ್ಯಾಡಗ್ಯಾಗ ನಾವು ಸುದ್ದಿ ಹೇಳೂದು ಹಿಂಗ. ಸಂಸಾರ ಮುರದ ಮನ್ಯಾಗ ಅಳೂದಷ್ಟ ಇರತೈತಿ ಅಂತ ತಿಳದಿದ್ದೆ. ಇಲ್ಲರೀ, ನಗೂ ಪ್ರಸಂಗ ಅಲ್ಲೂ ಬೆನ್ನು ಬಿಡಂಗಿಲ್ಲ.

ನನ್ನ ಮಗಳು, ಅಳಿಯ ಬ್ಯಾರೆ ಆದ್ರು. ಮಗಳು ನನ್ನ ಮನ್ಯಾಗ ಇದ್ದು ಇಲ್ಲೇ ಕೋಲ್ಡ್ ಸ್ಟೋರೇಜಿನ ಆಫೀಸಿಗೆ ಹೋಗ್ತಾಳ. ಅಳಿಯ ರಾಣೆಬೆನ್ನೂರಾಗ ತನ್ನ ತಾಯಿ ಜೋಡಿ ಇದ್ದು ಕುಮಾರಪಟ್ಟಣಕ್ಕ ಫ್ಯಾಕ್ಟರಿ ಕೆಲಸಕ್ಕ ಹೋಗ್ತಾನ. ನಡುವ ಒಂದನೇ ಇಯತ್ತೆ ಓದೂ ಕೂಸು, ನನ್ನ ಮೊಮ್ಮಗಳು. ಕೂಸು ನನಗ ಬೇಕು, ನನಗ ಬೇಕು ಅಂತ ಇಬ್ಬರೂ ಹಾವೇರಿ ಕೋರ್ಟಿನ ಮೆಟ್ಟಲ ಹತ್ತಿದ್ರು. ಅಲ್ಲಿ ಸಾಹೇಬ್ರು, "ಮೊದಲು ಮಧ್ಯಸ್ಥಿಕೆ ಮೇಡಮ್ಮಾರ ಮುಂದ ಕುಂತು ಮಾತಾಡ್ರಿ. ಹೊಂದಲಿಲ್ಲಂದ್ರ ಆಮ್ಯಾಲೆ ನಾವು ತೀರ್ಪು ಕೊಡ್ತೀವಿ" ಅಂದ್ರು. ತೀರ್ಪು ಅಂದ್ರ ಏನ್ರಿ? ಒಬ್ಬರ ಉಡಿ ತುಂಬಿ, ಇನ್ನೊಬ್ಬರ ಉಡಿ ಬರಿದು ಮಾಡೂದು. ಕೂಸು ನನ್ನ ಸೆರಗು ಮುಷ್ಟ್ಯಾಗ ಹಿಡಕೊಂಡ ಮಲಗೂದು.

ಗಂಡ-ಹೆಂಡತಿ ಒಳಗ ಆಡಿದ ಮಾತು ಹೊರಗ ಹೋಗಬಾರದು ಅಂತ ಮೇಡಮ್ಮಾರು ಹೇಳ್ಯಾರ. ಅದನ್ನ ನಾ ಹೇಳಂಗಿಲ್ಲ. ನಾವು ಮುದುಕೇರು ಆಡಿದ್ದು ಹೇಳ್ತೀನಿ, ಅದಕ್ಕ ಯಾರ ಅಡ್ಡಿ?

ದುಂಡನ ಮೇಜು

ಮೊದಲನೇ ದಿನ ಒಳಗ ಹೋದ್ವಿ. ಒಂದು ದುಂಡನ ಮೇಜು, ಸುತ್ತಲೂ ಕುರ್ಚಿ. ಬೀಗತಿ, ಅಳಿಯನ ತಾಯಿ, ನಿಂತಾಕಿ ನಿಂತ ಇದ್ಲು.

"ಕೂಡ್ರವ್ವಾ" ಅಂದ್ರು ಮೇಡಮ್ಮಾರು.

"ನಾವು ಗಂಡಿನ ಕಡ್ಯಾವ್ರರೀ. ಮ್ಯಾಲಿನ ಜಾಗ ಯಾವುದು ತೋರಸ್ರಿ."

"ದುಂಡನ ಮೇಜಿಗೆ ಮ್ಯಾಲು ಕೆಳಗ ಇರಂಗಿಲ್ಲವ್ವ. ಇಲ್ಲಿ ಎಲ್ಲಾರೂ ಸರಿಸಮ."

ಬೀಗತಿ ಮೇಜನ್ನ ಒಂದು ಸುತ್ತು ಹಾಕಿದ್ಲು, ತುಳಸಿ ಕಟ್ಟಿ ಸುತ್ತಿದಂಗ. ನಾನರ ಸುಮ್ಮನ ಇರಬೇಕಿಲ್ಲೋ? ಆಕಿ ಬೆನ್ನ ಹಿಂದ ನಾನೂ ಸುತ್ತಿದೆ. ಕಡೀಕ ಆಕಿ ಫ್ಯಾನಿನ ಸೀದಾ ಕೆಳಗಿನ ಕುರ್ಚಿ ಹಿಡದು, "ಇದ ಮ್ಯಾಲಿನ ಜಾಗ" ಅಂತ ಕುಂತು ಸೆರಗು ಸರಿಮಾಡಿಕೊಂಡ್ಲು.

ಅಷ್ಟರಾಗ ಕರೆಂಟ್ ಹೋತು. ಕಿಡಕಿ ಕಡೆ ಕುರ್ಚಿ ನಂದು. ಗಾಳಿ ಏನ ಚಂದ ಬಂತ್ರಿ!

ಘಾಟಿಲ್ಲದ ಕಾಯಿ

ಮುಂದಿನ ಸಲ ಹೋದಾಗ ಕೂಸಿನ ಮಾರಿ ಬಾಡಿತ್ತು. ಮಾತಿಲ್ಲ, ಆಟ ಇಲ್ಲ. ಬೀಗತಿ ಕೂಸನ್ನ ಕೋರ್ಟಿನ ಹೊರಗಿನ ಚಾದ ಅಂಗಡಿಗೆ ಕರಕೊಂಡು ಹೋಗಿ, ಚೀಲದಾಗಿಂದ ಉಪ್ಪು ಮೆಣಸಿನಕಾಯಿ ತಗದು, ಮೂರು ಸಲ ನಿವಾಳಿಸಿ ಒಲಿಗೆ ಹಾಕಿದ್ಲು. ಘಾಟು ಬರಲಿಲ್ಲ. ಘಾಟು ಬರಲಿಲ್ಲಂದ್ರ ದೃಷ್ಟಿ ಭಾಳ ಆಗೇತಿ ಅಂತ ಲೆಕ್ಕ.

"ನೋಡ್ರಿ ಬೀಗರ, ಒಂದು ಸೀನಾರ ಬಂತೇನು? ಕೂಸಿಗೆ ನಿಮ್ಮ ಮನ್ಯಾಗ ಯಾರದೋ ಕಣ್ಣು ಬಿದ್ದೈತಿ."

"ಕಾಯಿ ಎಲ್ಲೀವ್ರಿ ಬೀಗರ?"

"ಬ್ಯಾಡಗೀವು. ಮತ್ತೆಲ್ಲೀವು?"

"ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದ್ವು, ಖಾರಕ್ಕಲ್ಲ. ಅವನ್ನ ಸುಟ್ಟು ಘಾಟು ಬರಲಿಲ್ಲಂತ ನಮ್ಮ ಮನೀಗೆ ಹೆಸರಿಡ್ತೀರಿ?"

ಅಂಗಡ್ಯಾವನ ಹತ್ರ ಗುಂಟೂರ ಕಾಯಿ ಇದ್ವು. ಒಂದು ಹಿಡಿ ಇಸಗೊಂಡು ನಾನೂ ನಿವಾಳಿಸಿ ಒಗದೆ. ಅಯ್ಯಯ್ಯ! ಚಾ ಕುಡಕೋತ ನಿಂತ ಕರೀ ಕೋಟಿನ ವಕೀಲ್ರು ಕಪ್ಪು ಬಿಟ್ಟು, ಫೈಲು ಬಗಲಾಗ ಹಿಡಕೊಂಡು, ಕೆಮ್ಮಿಕೋತ ದಿಕ್ಕಿಗೊಬ್ಬರು ಓಡಿದ್ರು. ಅದನ್ನ ನೋಡಿ ಕೂಸು ಕಿಲಕಿಲ ನಕ್ಕಿತು. ಎಷ್ಟು ದಿನದ ಮ್ಯಾಲೆ ನಕ್ಕಿತ್ತೋ!

"ನೋಡಿದ್ರಿ?" ಅಂದ್ಲು ಬೀಗತಿ, ಕಣ್ಣೀರು ಒರಸಿಕೋತ. "ನಾ ನಿವಾಳಿಸಿದ್ದು ಈಗ ಹತ್ತಿತು ನೋಡ್ರಿ."

ಎರಡು ಬುತ್ತಿ

ಮತ್ತೊಂದು ದಿನ ಗಂಡ-ಹೆಂಡತಿ ಇಬ್ಬರನ್ನ ಒಳಗ ಕೂಡಿಸಿಕೊಂಡು ಮೇಡಮ್ಮಾರು ನಮ್ಮನ್ನ ಹೊರಗ ಕಳಿಸಿದ್ರು. ಬೇವಿನ ಗಿಡದ ಕೆಳಗ ನಾನೊಂದು ಕಡೆ, ಬೀಗತಿ ಒಂದು ಕಡೆ ಬುತ್ತಿ ಬಿಚ್ಚಿದ್ವಿ. ಜಗಳ ಇದ್ರೇನು, ಬೀಗರನ್ನ ಬಿಟ್ಟು ಒಬ್ಬಾಕಿ ಉಣ್ಣೂದು ಹೆಂಗ? ನಾ ರೊಟ್ಟಿ ಕೊಟ್ಟು ಕಳಿಸಿದೆ, ಆಕಿ ಶೇಂಗಾ ಚಟ್ನಿ ಕೊಟ್ಟು ಕಳಿಸಿದ್ಲು. ಮಾತಂತೂ ಇಲ್ಲ. ಕೂಸ ನಡುವ ಓಡ್ಯಾಡತಿತ್ತು.

ಬೀಗತಿ ಕೂಸಿಗೆ ಅಂದದ್ದು ನನಗ ಚಲೋತ್ನಂಗ ಕೇಳಿಸ್ತು: "ಹೋಗು, ನಿಮ್ಮ ಬ್ಯಾಡಗಿ ಅಜ್ಜಿಗೆ ಹೇಳು. ಇಷ್ಟು ದಪ್ಪನ ರೊಟ್ಟಿ ಮಂದಿಗಲ್ಲ, ಎಮ್ಮಿಗೆ ಹಾಕಬೇಕು ಅಂತ."

ಕೂಸು ಬಂತು. ಒಂದು ಗಳಿಗಿ ನಿಂತು ವಿಚಾರ ಮಾಡಿತು.

"ಅಜ್ಜಿ, ರಾಣೆಬೆನ್ನೂರ ಅಜ್ಜಿ ಅಂತಾಳ, ರೊಟ್ಟಿ ಭಾಳ ರುಚಿ ಆಗ್ಯಾವಂತ."

ನನ್ನ ಕೈಯಾಗಿನ ತುತ್ತು ಹಂಗ ಉಳೀತು. ನೋಡೂಣಂತ ಅಂದೆ: "ಆಕಿಗೆ ಹೇಳವ್ವ, ಚಟ್ನ್ಯಾಗ ಉಪ್ಪಿಲ್ಲ, ರುಚಿ ಇಲ್ಲ ಅಂತ."

ಕೂಸು ಅಲ್ಲಿಗೆ ಹೋಗಿ, "ಅಜ್ಜಿ, ಚಟ್ನಿ ಹೆಂಗ ಮಾಡ್ತೀ ಅಂತ ಬ್ಯಾಡಗಿ ಅಜ್ಜಿ ಕೇಳ್ಯಾಳ" ಅಂತು.

ಬೀಗತಿ ಕಿವೀನೂ ಗಟ್ಟಿ ಅದಾವು. ಆಕಿಗೂ ನಾ ಅಂದದ್ದು ಕೇಳಿಸಿತ್ತು. ಕೂಸಿನ ತಲಿ ಮ್ಯಾಲಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ವಿ. ನಾವು ದೊಡ್ಡವರು ಒಗದ ಮಾತಿನ ತೊಟ್ಟು ಮುರದು, ಬೀಜ ಜಾಡಿಸಿ, ಬಣ್ಣ ಅಷ್ಟ ಇಟ್ಟು ದಾಟಸಾಕತ್ತಿತ್ತು ಆ ಕೂಸು. ಯಾವಾಗಿಂದ ಹಿಂಗ ಮಾಡಾಕತ್ತಿತ್ತೋ? ಅವ್ವನ ಮಾತು ಅಪ್ಪಗ, ಅಪ್ಪನ ಮಾತು ಅವ್ವಗ. ಅದರ ಮಾರಿ ಬಾಡಿದ್ದು ಯಾರ ಕಣ್ಣು ಬಿದ್ದೂ ಅಲ್ಲರೀ.

ನಾ ಒಳಗ ಹೋಗಿ ಮೇಡಮ್ಮಾರಿಗೆ ಇದನ್ನ ಹೇಳಿದೆ. ಅವರು ಮಗಳು ಅಳಿಯನ ಕಡೆ ನೋಡಿದ್ರು. ಇಬ್ಬರೂ ತಲಿ ಮ್ಯಾಲೆ ಎತ್ತಲಿಲ್ಲ. ಅವತ್ತಿಂದ ಅವರ ಮಾತಿನ ಧಾಟಿ ಬದಲಾತು.

ಬೀಗತಿ? ನಾ ಹೊರಗ ಬಂದ ಮ್ಯಾಲೆ ಆಕಿ ಎದ್ದು ನನ್ನ ಮಗ್ಗಲಕ ಬಂದು ಕುಂತ್ಲು. "ಕೇಳೀರಿ ಅಂದಮ್ಯಾಗ ಹೇಳಬೇಕಲ್ಲರಿ" ಅಂತ ಚಟ್ನಿ ಮಾಡೂದು ಹೇಳಾಕ ಶುರು ಮಾಡಿದ್ಲು. ಶೇಂಗಾ ಬಿತ್ತಿದಲ್ಲಿಂದ.

ಶುಕ್ರವಾರ

ಕಡೇ ದಿನ ಎಲ್ಲಾ ಹೊಂದಿತ್ತು. ಸಾಲಿ ಇದ್ದ ದಿನ ಕೂಸು ಅವ್ವನ ಹತ್ರ, ಸೂಟಿ ದಿನ ಅಪ್ಪನ ಹತ್ರ. ಕೂಸಿನ ಇಂಗ್ಲಿಷ್ ಸಾಲಿಗೆ ಶನಿವಾರ, ರವಿವಾರ ಎರಡೂ ದಿನ ಸೂಟಿ. ಮೇಡಮ್ಮಾರು ಪೆನ್ನು ಹಿಡದು, "ಶುಕ್ರವಾರ ಸಂಜಿಕ ಅಪ್ಪ ಬಂದು ಕರಕೊಂಡು ಹೋಗೂದು" ಅಂತ ಬರ್ಯಾಕ ಹತ್ತಿದ್ರು.

"ಶುಕ್ರವಾರ ಬ್ಯಾಡ್ರಿ!"

ನಾನೂ ಬೀಗತಿ ಇಬ್ಬರೂ ಒಮ್ಮೆಲೆ ಒದರಿದ್ವಿ. ಮೇಡಮ್ಮಾರ ಪೆನ್ನು ಕೆಳಗ ಬಿತ್ತು.

"ಶುಕ್ರವಾರ ದೀಪ ಹಚ್ಚೂ ಹೊತ್ತಿಗೆ ಮನೀ ಲಕ್ಷ್ಮೀನ ಹೊರಗ ಕಳಸ್ತಾರೇನ್ರಿ?" ಅಂದೆ ನಾನು.

"ಬೀಗರು ಹೇಳೂದು ಖರೇ ಐತ್ರಿ. ಮಂಗಳವಾರ ಶುಕ್ರವಾರ ಹೆಣ್ಣಮಕ್ಕಳನ್ನ ಕಳಸಬಾರದು" ಅಂದ್ಲು ಬೀಗತಿ.

ಅಳಿಯ ಹಣಿ ಹಣಿ ಬಡಕೊಂಡ. "ಯವ್ವಾ, ಆಕಿ ಬರೂದು ನಮ್ಮ ಮನೀಗೆ! ಒಂದು ರಾತ್ರಿ ನಮಗ ಹೆಚ್ಚಿಗಿ ಸಿಗತೈತಿ!"

"ಅವರ ಮನೀ ಲಕ್ಷ್ಮೀನ ಶುಕ್ರವಾರ ಎತಗೊಂಡ ಬಂದು ನಾವು ಉದ್ಧಾರ ಆಗ್ತೀವೇನೋ? ಸುಮ್ಮನ ಕುಂದ್ರು!"

ಮೇಡಮ್ಮಾರು ಶುಕ್ರವಾರ ಹೊಡದು ಶನಿವಾರ ಮುಂಜಾನೆ ಬರದ್ರು. "ರವಿವಾರ ಸಂಜಿಕ ತಿರುಗಿ ಬಿಡೂದು. ಇದಕ್ಕ ಅಡ್ಡಿ ಇಲ್ಲಲ್ಲ?"

"ಅಮಾಸಿ ಬಂದ್ರ?" ಅಂದ್ಲು ಬೀಗತಿ.

"ಅಮಾಸಿ ಬಂದ್ರ ಸೋಮವಾರ ಮುಂಜಾನೆ" ಅಂತ ಅದನ್ನೂ ಬರದ್ರು. "ಬ್ಯಾರೆ ಮಂದಿ ಇಲ್ಲಿ ಒಂದು ದಿನ ಹೆಚ್ಚಿಗಿ ಕೊಡ್ರಿ ಅಂತ ಬಡದಾಡ್ತಾರ. ಬಂದ ದಿನಾ ಬ್ಯಾಡ ಅಂದಾವ್ರನ್ನ ನಿಮ್ಮನ್ನ ಕಂಡೆ ನೋಡ್ರಿ."

ಕೂಸು ಚಿಂತಿಲೆ ಕೇಳಿತು, "ಲಕ್ಷ್ಮೀನೂ ನನ್ನ ಜೋಡಿ ಬರ್ತಾಳೇನು? ಪಪ್ಪಾನ ಗಾಡ್ಯಾಗ ಜಾಗ ಇಲ್ಲ."

ಮಗಳು ನಕ್ಲು, ಅಳಿಯ ನಕ್ಕ. ಒಂದ ಮೇಜಿಗೆ ಕುಂತು ನಕ್ರು. ನಕ್ರಂತ ಒಂದಾಗಲಿಲ್ರಿ. ನಗೂದು ಬ್ಯಾರೆ, ಬಾಳೂದು ಬ್ಯಾರೆ.

ಈಗ ಏನಾಗೇತಿ ಕೇಳ್ರಿ. ಅಳಿಯ ರಾತ್ರಿ ಪಾಳಿ ಮುಗಿಸಿದ್ರೂ ಶನಿವಾರ ಮುಂಜಾನೆ ತಪ್ಪಸಂಗಿಲ್ಲ, ಕೆಂಪಗಣ್ಣಾಗ ಬಂದು ಬಾಗಿಲದಾಗ ನಿಂತಿರ್ತಾನ. ಮಗಳು ಅವಗ ಚಾ ಕೊಡ್ತಾಳ. ಹೇಳೂದಿದ್ರ ತಾನ ಹೇಳ್ತಾಳ. ಮೇಡಮ್ಮಾರು ಈಗ ಬ್ಯಾರೆ ಮಂದಿಗೂ ದಿನ ಬರ್ಯೂ ಮುಂಚೆ, "ಮನ್ಯಾಗ ಅಜ್ಜಿ ಅದಾರೇನು?" ಅಂತ ಕೇಳ್ತಾರಂತ. ಕೂಸು ಮಾತು ಹೊರೂದು ಬಿಟ್ಟೈತಿ. ಈಕಡಿಂದ ರೊಟ್ಟಿ, ಆಕಡಿಂದ ಚಟ್ನಿ, ಅಷ್ಟ ಅದರ ಹೊರಿ. ಶುಕ್ರವಾರ ರಾತ್ರಿ ನನ್ನ ಸೆರಗು ಹಿಡಕೊಂಡ ಮಲಗತೈತಿ.

ಇನ್ನ ಬೀಗತಿ. ಮೊನ್ನೆ ರವಿವಾರ ಫೋನ್ ಹಚ್ಚಿದ್ಲು. "ಬೀಗರ, ನಾಳೆ ಸಾಲಿ ಸೂಟಿ ಅಂತ. ಅಮಾಸಿ ಬ್ಯಾರೆ ಬಂದಂಗ ಐತಿ. ಇವತ್ತ ಹೆಂಗ ಕಳಸೂದ್ರಿ?"

ನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ. ಅಕ್ಷರ ಬರಂಗಿಲ್ಲ ಖರೇ, ಅಮಾಸಿಯ ಕರೀ ಗುಂಡು ಗುರುತು ಸಿಗತೈತಿ. ಆ ರವಿವಾರದ ಆಜೂಬಾಜೂ ಎಲ್ಲೂ ಇರಲಿಲ್ಲ.

"ಹೌದ್ರಿ ಬೀಗರ," ಅಂದೆ, "ಇಲ್ಲೂ ಅಮಾಸಿನ ಐತಿ. ನಾಳೆ ಕಳಸ್ರಿ."